ಏಳು ಸೀಟು, ಆರು ಕಾಗದ

ದರ್ಜಿಗಳೆಂದರೆ ಆ ಬೀದಿಯಲ್ಲಿ ಒಬ್ಬರೇ. ಬೇರೆ ಹೊಲಿಗೆಯಂಗಡಿಗಳು ಇರಲಿಲ್ಲವೆಂದಲ್ಲ. ಅಲ್ಲಿ ಕುಳಿತವರನ್ನು ಜನ ಹೆಸರು ಹಿಡಿದು ಕೂಗುತ್ತಿದ್ದರು, ಇವರನ್ನು ಮಾತ್ರ ಬಹುವಚನದಲ್ಲಿ ದರ್ಜಿಗಳೆನ್ನುತ್ತಿದ್ದರು. ಹೇಳಿದ ದಿನಕ್ಕೆ ಬಟ್ಟೆ ಕೊಡುವ ಮನುಷ್ಯನಿಗೆ ಬಹುವಚನ ಸಲ್ಲತಕ್ಕದ್ದೆಂಬ ವಿಷಯದಲ್ಲಿ ಯಾರಿಗೂ ತಕರಾರಿರಲಿಲ್ಲ. ಕಣ್ಣಿಗೆ ಪೊರೆ ಬಂದು ಅಂಗಡಿ ಮುಚ್ಚಿದ ಮೇಲೂ ಆ ಗೌರವ ಅವರ ಹೆಗಲ ಮೇಲಿನ ಟೇಪಿನಂತೆ ಹಾಗೆಯೇ ಉಳಿದಿತ್ತು. ಟೇಪಂತೂ ನಿಜವಾಗಿಯೇ ಉಳಿದಿತ್ತು. ಸ್ನಾನಕ್ಕೆ ಹೋಗುವಾಗಲಷ್ಟೇ ಅದನ್ನು ತೆಗೆದು ಮೊಳೆಗೆ ನೇತುಹಾಕುತ್ತಿದ್ದರು.

ಮನೆಯಲ್ಲಿ ಏಳು ಜನ: ದರ್ಜಿಗಳು, ಅವರ ಹೆಂಡತಿ, ಅವರ ಅಕ್ಕ, ಔಷಧದಂಗಡಿ ಇಟ್ಟಿದ್ದ ಮಗ, ಸೊಸೆ ಮತ್ತು ಅವಳಿ ಮೊಮ್ಮಗಳಂದಿರು. ಕಾರಿನಲ್ಲಿ ಐದು ಸೀಟು. ಅವಳಿಗಳು ತೊಡೆಯ ಮೇಲೆ ಕೂರುವಷ್ಟು ಚಿಕ್ಕವರಿದ್ದಾಗ ಹೇಗೋ ನಡೆದುಹೋಗುತ್ತಿತ್ತು. ಅವರು ಬೆಳೆದು, ಒಬ್ಬಳ ಮೊಣಕೈ ಇನ್ನೊಬ್ಬಳ ಪಕ್ಕೆಗೆ ತಾಗಿದರೆ ಯುದ್ಧ ಸಾರುವ ವಯಸ್ಸಿಗೆ ಬಂದ ಮೇಲೆ, ಎಷ್ಟು ಒತ್ತಿ ತುಂಬಿದರೂ ಆರು ಜನಕ್ಕಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ಉಳಿಯುತ್ತಿದ್ದವರು ಪ್ರತಿ ಸಲವೂ ಅಕ್ಕ.

"ಮನೆಗೆ ಯಾರಾದ್ರೂ ಇರ್ಬೇಕಲ್ಲ," ಎಂದು ಆಕೆಯೇ ಮೊದಲು ಹೇಳಿಬಿಡುತ್ತಿದ್ದರು. ಯಾರೂ ತಮ್ಮನ್ನು ಉಳಿಯೆಂದು ಹೇಳುವ ಸಂಕಟಕ್ಕೆ ಸಿಲುಕಬಾರದೆಂಬ ಮುತುವರ್ಜಿ ಆ ಮಾತಿನಲ್ಲಿತ್ತು. ಆದರೆ ಆ ಮನೆಯಲ್ಲಿ ಕಳ್ಳನಿಗೆ ಆಸೆ ಹುಟ್ಟಿಸುವಂಥದ್ದೆಂದರೆ ಹಳೆಯ ಹೊಲಿಗೆಯಂತ್ರವೊಂದೇ. ಅದನ್ನು ಎತ್ತಬಲ್ಲ ಕಳ್ಳ ಆ ಊರಿನಲ್ಲಿ ಹುಟ್ಟಿರಲಿಲ್ಲ.

ಅಕ್ಕನ ಮಂಡಿಗಳು ಮಡಿಚುತ್ತಿರಲಿಲ್ಲ. ತಮ್ಮನ ಅಂಗಡಿಯ ನೆಲದ ಮೇಲೆ ಕುಳಿತು ಆಕೆ ಊರಿನ ಅರ್ಧದಷ್ಟು ಅಂಗಿಗಳಿಗೆ ಕಾಜಾ ಹೊಲಿದಿದ್ದರು. ಗುಂಡಿ ತೂರುವ ಆ ಸಣ್ಣ ಕಂಡಿಗಳ ಸುತ್ತ ಒತ್ತಾಗಿ ದಾರ ಸುತ್ತುತ್ತ ಸುತ್ತುತ್ತ ಮಂಡಿಗಳೇ ಗಂಟುಬಿದ್ದಿದ್ದವು. ಆ ಬೇಸಿಗೆ ರಜೆಯಲ್ಲಿ ಕಡಲಿಗೆ ಹೋಗುವ ಮಾತು ಬಂದಾಗ ಆಕೆ, ತಟ್ಟೆ ಒರೆಸುತ್ತಲೇ, ಯಾರಿಗೂ ಅಲ್ಲವೆಂಬಂತೆ ಕೇಳಿದರು: "ಕಡಲಿನ ನೀರು ನಿಜವಾಗ್ಲೂ ಅಷ್ಟು ಸದ್ದು ಮಾಡುತ್ತಾ, ಇಲ್ಲ ಟೀವಿಯವರು ಸೇರಿಸ್ತಾರಾ?"

ದರ್ಜಿಗಳು ತಲೆಯೆತ್ತಿದರು. "ಈ ಸಲ ನಿನ್ನ ಬಿಟ್ಟು ಗಾಡಿ ಹೊರಡೋದಿಲ್ಲ. ನೀನು ಮುಂದಿನ ಸೀಟಲ್ಲಿ, ಕಾಲು ಚಾಚ್ಕೊಂಡು."

"ಅಂಗಿ ಕೊಡೋ ದಿನ ಹೇಳ್ದಂಗೆ ಹೇಳ್ತಿದ್ದೀಯ, ಮರಿ," ಎಂದರು ಅಕ್ಕ. ಎಪ್ಪತ್ತು ದಾಟಿದ ಬಹುವಚನವನ್ನು ಮರಿ ಎನ್ನುವ ಅಧಿಕಾರ ಭೂಮಿಯ ಮೇಲೆ ಆಕೆಯೊಬ್ಬರಿಗೇ ಉಳಿದಿತ್ತು.

"ಹಂಗೇ ಅಂದ್ಕೋ."

ಹೀಗೆ ಏಳು ಸೀಟಿನ ಹಳೆಯ ಎಸ್‌ಯುವಿಯೊಂದನ್ನು ಆರಿಸುವ ಕಾರ್ಯ ಆರಂಭವಾಯಿತು. ಮಗ ಇಂಜಿನ್ನಿನ ಮಾತಾಡಿದ. ಸೊಸೆ ಸಾಮಾನಿಡುವ ಜಾಗದ ಮಾತಾಡಿದಳು. ಅವಳಿಗಳು ಫೋನು ಚಾರ್ಜು ಮಾಡುವ ತೂತುಗಳನ್ನು ಎಣಿಸಬೇಕೆಂದರು. ದರ್ಜಿಗಳು ಎಲ್ಲವನ್ನೂ ಕೇಳಿಸಿಕೊಂಡು ತಮ್ಮ ತೀರ್ಮಾನವನ್ನು ಮಂಡಿಸಿದರು.

"ಕಾರು ಅಂದ್ರೆ ಏನು? ರೆಡಿಮೇಡ್. ಹಳೇ ಕಾರು ಅಂದ್ರೆ ಯಾರೋ ಹಾಕ್ಕೊಂಡು ಬಿಟ್ಟ ರೆಡಿಮೇಡ್. ಅಳತೆ ಇಲ್ದೆ ಅದನ್ನ ತರೋಕಾಗುತ್ತಾ?"

ಮರುದಿನವೇ ಊಟದ ಮೇಜಿನ ಕುರ್ಚಿಯೊಂದನ್ನು ನಡುಮನೆಗೆ ಎಳೆದು, ಒಬ್ಬೊಬ್ಬರನ್ನೇ ಅದರ ಮೇಲೆ ಕೂರಿಸಿ ಅಳೆಯಲಾಯಿತು: ಸೊಂಟದಿಂದ ಮಂಡಿ, ಮಂಡಿಯಿಂದ ಹಿಮ್ಮಡಿ, ಆಸನದಿಂದ ನೆತ್ತಿ. ಅಂಗಡಿಯಿಂದ ಉಳಿದ ಕಂದು ಕಾಗದದ ಸುರುಳಿ ಅಟ್ಟದಿಂದ ಇಳಿಯಿತು. ಸಂಜೆಯ ಹೊತ್ತಿಗೆ ಮನೆಯವರೆಲ್ಲ ಕುಳಿತ ಭಂಗಿಯಲ್ಲಿ, ಪಕ್ಕದಿಂದ ಕಂಡ ಹಾಗೆ, ಆಳೆತ್ತರದ ಕಾಗದದ ಆಕೃತಿಗಳಾಗಿ ನೆಲದ ಮೇಲೆ ಒರಗಿದ್ದರು. ಅಕ್ಕನ ಆಕೃತಿಯ ಕಾಲುಗಳು ಮಾತ್ರ ನೆಟ್ಟಗೆ ಮುಂದಕ್ಕೆ ಚಾಚಿದ್ದವು.

ಹೆಂಡತಿ ತಮ್ಮ ಕಾಗದದ ಮುಂದೆ ನಿಂತು ಬಹಳ ಹೊತ್ತು ನೋಡಿದರು. "ಇದು ನಾನಾ?"

"ಸುತ್ತ ಒಂದಿಂಚು ಹೊಲಿಗೆಗೆ ಬಿಟ್ಟಿದ್ದೀನಿ."

"ಕಾರಿಗೆ ನನ್ನನ್ನ ಸೇರಿಸಿ ಹೊಲೀತೀರಾ?"

"ಅಭ್ಯಾಸ," ಎಂದು ದರ್ಜಿಗಳು ಚುಟುಕಾಗಿ ಉತ್ತರಿಸಿದರು.

"ನಿಮ್ಮ ಕಾಗದ ಎಲ್ಲಿ ಮಾವ?" ಎಂದು ಸೊಸೆ ಕೇಳಿದಳು.

ದರ್ಜಿಗಳು ಕತ್ತರಿಯನ್ನು ಒರೆಸುತ್ತ ನಕ್ಕರು. ಅಂಗಡಿಗೆ ಬಂದವರನ್ನು ಅಳೆಯುವುದು ಅವರ ಕಸುಬು. ಅಳೆಯುವವನೇ ಅಳತೆಗೆ ನಿಲ್ಲುವುದೆಂದರೆ ಅವರಿಗೆ ನ್ಯಾಯಾಧೀಶನು ಕಟಕಟೆ ಹತ್ತಿದ ಹಾಗೆ. "ನನ್ನ ಅಳತೆ ನಂಗೆ ಗೊತ್ತಿಲ್ವಾ? ನಾನು ಎಲ್ಲಾದ್ರೂ ಕೂತ್ಕೊಳ್ತೀನಿ."

ಹಳೆಯ ಕಾರುಗಳ ವ್ಯಾಪಾರಿಯ ಅಂಗಳ ಊರಾಚೆಯ ಪೆಟ್ರೋಲ್ ಬಂಕಿನ ಹಿಂದೆ ಇತ್ತು. ವ್ಯಾಪಾರಿ ಸೊಂಟದಲ್ಲಿ ಕೀಲಿಗೊಂಚಲು ಝಣಝಣಿಸಿಕೊಂಡು ನಡೆಯುವ, ಯಾವ ಗಿರಾಕಿಯನ್ನು ಕಂಡರೂ ಆಶ್ಚರ್ಯಪಡದ ಮನುಷ್ಯ. ಜನ ಕಾರಿನ ಕೆಳಗೆ ತೂರುವುದನ್ನು ಕಂಡಿದ್ದ; ಚಕ್ರಗಳನ್ನು ಒದೆಯುವುದನ್ನು ಕಂಡಿದ್ದ; ಒಬ್ಬರು ಸೀಟಿನ ವಾಸನೆ ನೋಡಿ ಹಿಂದಿನ ಮಾಲೀಕನ ಗುಣ ಹೇಳಿದ್ದನ್ನೂ ಕಂಡಿದ್ದ. ತಂದೆ ಮತ್ತು ಮಗ ಕಾಗದದ ಕುಟುಂಬವೊಂದನ್ನು ಸುರುಳಿ ಬಿಚ್ಚಿ ಕಾರಿನೊಳಗೆ ಕೂರಿಸತೊಡಗಿದಾಗ ಮಾತ್ರ ಅವನ ಕೀಲಿಗೊಂಚಲು ಸದ್ದು ನಿಲ್ಲಿಸಿತು.

"ಸಾರ್, ಇವರೆಲ್ಲ..."

"ನಮ್ಮ ಮನೆಯವರು," ಎಂದರು ದರ್ಜಿಗಳು. "ಅಕ್ಕನ್ನ ಸ್ವಲ್ಪ ಹಿಡ್ಕೊಳ್ಳಿ, ಗಾಳಿಗೆ ಹಾರ್ತಾಳೆ."

ಮೊದಲನೆಯದು ಫಳಫಳ ಹೊಳೆಯುವ ಕಪ್ಪು ಗಾಡಿ. ಅದರ ಹಿಂದಿನ ಸಾಲಿನಲ್ಲಿ ಅವಳಿಗಳ ಕಾಗದದ ತಲೆಗಳು ಚಾವಣಿಗೆ ತಾಗಿ ಮಡಿಚಿಕೊಂಡವು. ಎರಡನೆಯದು ಬಿಳಿಯದು. ದರ್ಜಿಗಳು ಅದರ ಬಾಗಿಲು ತೆರೆದು ಸೀಟಿನ ಅಂಚಿನ ಮೇಲೆ ಬೆರಳಾಡಿಸಿ, ಕಣ್ಣು ಮುಚ್ಚಿದರು. ಹೊಲಿಗೆ ನೂಲು ಹಿಡಿದ ಹಾಗೆ ನೇರವಾಗಿತ್ತು. ಮೂಲೆಗಳಲ್ಲಿ ಒಂದೂ ಸುಕ್ಕಿರಲಿಲ್ಲ. ಆರೂ ಕಾಗದಗಳು ಅದರಲ್ಲಿ ಎಲ್ಲೂ ಮುದುರದೆ ಕುಳಿತವು. ಮುಂದಿನ ಸೀಟನ್ನು ಪೂರಾ ಹಿಂದಕ್ಕೆ ತಳ್ಳಿದಾಗ ಅಕ್ಕನ ಚಾಚಿದ ಕಾಲುಗಳಿಗೂ ಸ್ಥಳ ಸಿಕ್ಕಿತು.

"ಇನ್ನೊಂದೂ ನೋಡಿಬಿಡೋಣ ಅಪ್ಪ," ಎಂದು ಮಗ ಮೂರನೆಯದರ ಕಡೆ ಕೈತೋರಿದ. ಅದು ಬದನೆಕಾಯಿ ಬಣ್ಣದ್ದು. "ಇಂಜಿನ್ ಇದರದ್ದೇ ಚೆನ್ನಾಗಿದೆ. ಸದ್ದು ಕೇಳಿ."

ದರ್ಜಿಗಳು ಸದ್ದು ಕೇಳಲಿಲ್ಲ, ಸೀಟು ನೋಡಿದರು. ಯಾರೋ ಸೀಟಿಗೆ ಹೊಸ ಹೊದಿಕೆ ಹೊಲಿದು ಹಾಕಿದ್ದರು. ಹೊಲಿಗೆ ಎಡಗಡೆಯಿಂದ ಹೊರಟು, ನಡುದಾರಿಯಲ್ಲಿ ಮನಸ್ಸು ಬದಲಿಸಿ, ಅಲೆಮಾರಿಯ ಹಾಗೆ ಬೆನ್ನಿನ ಮೇಲೆಲ್ಲ ತಿರುಗಾಡಿತ್ತು.

"ಇದನ್ನ ಹೊಲಿದಿದ್ದು ಯಾರು?"

"ನಮ್ಮ ಭಾವಮೈದ, ಸಾರ್."

"ಕೈಗೆ ಏನಾಗಿತ್ತು?"

"ಕೈಗೇನೂ ಆಗಿರ್ಲಿಲ್ಲ, ಸಾರ್."

"ಅಯ್ಯೋ ಪಾಪ," ಎಂದರು ದರ್ಜಿಗಳು. "ಇದರೊಳಗೆ ನಾನು ಕಾಗದಾನೂ ಕೂರಿಸೋದಿಲ್ಲ."

ಮರುದಿನ ಬೆಳಿಗ್ಗೆ ಬಿಳಿಯ ಗಾಡಿಯ ಮಾತು ಮುಗಿಸಲೆಂದು, ಕಾಗದಗಳ ಬದಲಿಗೆ ಮನುಷ್ಯರೇ ಅಂಗಳಕ್ಕೆ ಬಂದರು. ಮುಂದಿನ ಸೀಟಿನಲ್ಲಿ ಅಕ್ಕ ಕುಳಿತರು. ಆಕೆ ಕಾಲು ಚಾಚಿ, ಮಂಡಿಯ ಮೇಲೆ ಸೆರಗು ಸರಿಪಡಿಸಿಕೊಂಡು, ಎದುರಿನ ಗಾಜಿನಾಚೆ ನಿಂತಿದ್ದ ಹಳೆಯ ಟೈರುಗಳ ರಾಶಿಯನ್ನು ಕಡಲಿನಂತೆ ನೋಡತೊಡಗಿದರು. ಸ್ಟಿಯರಿಂಗ್ ಮುಂದೆ ಮಗ. ಅವನದು ತಂದೆಯಿಂದ ಬಂದ ಕೊಕ್ಕರೆಕಾಲು, ಹಾಗಾಗಿ ಅವನ ಸೀಟೂ ಪೂರಾ ಹಿಂದಕ್ಕೇ ಇತ್ತು. ತುದಿಯಲ್ಲಿ ಅವಳಿಗಳು. ನಡುವಿನ ಸಾಲಿನ ಎರಡು ಕಿಟಕಿಗಳ ಬಳಿ ಅತ್ತೆ, ಸೊಸೆ.

"ತಾತಾ, ನೀವು ಬನ್ನಿ."

ದರ್ಜಿಗಳು ಟೇಪು ಸರಿಪಡಿಸಿಕೊಂಡು ಹತ್ತಿದರು. ಅತ್ತೆಸೊಸೆಯರ ನಡುವೆ ಕುಳಿತಾಗ ಅವರ ಮಂಡಿಗಳು ಗದ್ದದ ಮಟ್ಟಕ್ಕೆ ಬಂದವು. ಸೊಸೆಯ ಜಾಗಕ್ಕೆ ಸರಿದರು. ಅಕ್ಕನ ಸೀಟಿನ ಬೆನ್ನು ಅವರ ಮೊಣಕಾಲ ಚಿಪ್ಪನ್ನು ಗರಗಸದಂತೆ ಒತ್ತಿತು. ಮಗನ ಹಿಂದೆ ಕುಳಿತಾಗಲೂ ಅದೇ ಕಥೆ. ಕೊನೆಗೆ ಅವಳಿಗಳನ್ನು ಇಳಿಸಿ ಹಿಂದಿನ ಸಾಲಿಗೆ ತೂರಿದರು. ಹೊರಗೆ ಬರಲು ವ್ಯಾಪಾರಿಯೂ ಮಗನೂ ಒಂದೊಂದು ಕಾಲು ಹಿಡಿದು ಎಳೆಯಬೇಕಾಯಿತು.

"ನಿನ್ನೆ ಎಲ್ಲಾರೂ ಕೂತಿದ್ರಲ್ಲ," ಎಂದು ವ್ಯಾಪಾರಿ ನಿಜವಾದ ಕುತೂಹಲದಿಂದ ಕೇಳಿದ. "ಅದರಲ್ಲಿ ನಿಮ್ಮ ಕಾಗದ ಯಾವ್ದು, ಸಾರ್?"

ಸೊಸೆ ಬೇರೆ ಕಡೆ ನೋಡಿದಳು. ಆದರೆ ಅವಳ ಹೆಗಲು ಅಲುಗುತ್ತಿತ್ತು. "ಮಾವ ಎಲ್ಲಾದ್ರೂ ಕೂತ್ಕೊಳ್ತಾರೆ," ಎಂದಳು.

ಆಗ ಮುಂದಿನ ಬಾಗಿಲು ತೆರೆಯಿತು. ಅಕ್ಕ ಒಂದು ಕಾಲನ್ನು ಮೆಲ್ಲಗೆ ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ಇಳಿಯತೊಡಗಿದ್ದರು.

"ಬಾ ಮರಿ, ನೀನು ಇಲ್ಲಿ ಕೂತ್ಕೋ. ಗಾಡಿ ಚೆನ್ನಾಗಿದೆ, ತಗೊಂಡ್ಬಿಡಿ. ಮನೆಗೆ ಯಾರಾದ್ರೂ..."

"ಮುಗಿಸ್ಬೇಡ," ಎಂದರು ದರ್ಜಿಗಳು.

ಅವರು ಬಿಳಿಯ ಗಾಡಿಯ ಸೀಟನ್ನು ಇನ್ನೊಮ್ಮೆ ನೋಡಿದರು. ಅಷ್ಟು ನೇರವಾದ ಹೊಲಿಗೆಯನ್ನು ಬಿಟ್ಟುಬರುವುದು ಅವರಿಗೆ ಸುಲಭವಾಗಿರಲಿಲ್ಲ. ಆಮೇಲೆ, ಯಾರ ಮುಖವನ್ನೂ ನೋಡದೆ ಗಂಟಲು ಸರಿಪಡಿಸಿಕೊಂಡರು.

"ಉಳಿಯೋದಾದ್ರೆ ನಾನು ಉಳೀತೀನಿ. ಮನೆಗೆ ಯಾರಾದ್ರೂ ಇರ್ಬೇಕಲ್ಲ."

"ನೀನಾ?" ಎಂದರು ಅಕ್ಕ. "ಹಾಲು ಕಾಯಿಸೋಕೆ ಇಟ್ಟು ಪೇಪರ್ ಓದ್ತೀಯ. ನಿನ್ನನ್ನ ಬಿಟ್ಟು ಹೋದ್ರೆ ಆ ಮನೆ ಕಾಯೋಕೆ ಇನ್ನೊಬ್ಬರು ಬೇಕು."

"ಅಪ್ಪ," ಎಂದು ಮಗ ಬಹಳ ಮೆತ್ತಗೆ ಹೇಳಿದ, "ಆ ಬದನೆಕಾಯಿ ಗಾಡೀಲಿ ನಡುವಿನ ಸೀಟು ಹಿಂದೆ ಮುಂದೆ ಜರುಗುತ್ತೆ. ನಿನ್ನೆ ಹೇಳೋಣ ಅಂದ್ರೆ ನೀವು ಹೊಲಿಗೆ ಓದ್ತಿದ್ರಿ."

ದರ್ಜಿಗಳು ಉತ್ತರಿಸುವ ಮೊದಲೇ ಅಕ್ಕ ಕೈಚಾಚಿದರು. "ಟೇಪು ಕೊಡು."

"ಯಾಕೆ?"

"ಕೊಡು ಅಂದೆ. ಆ ಸ್ಟೂಲ್ ಮೇಲೆ ಕೂತ್ಕೋ."

ಹಳೆಯ ಕಾರುಗಳ ಮಧ್ಯೆ, ವ್ಯಾಪಾರಿ ಚಹಾ ಕುಡಿಯುವ ಪ್ಲಾಸ್ಟಿಕ್ ಸ್ಟೂಲಿನ ಮೇಲೆ, ಆ ಬೀದಿಯ ಏಕೈಕ ಬಹುವಚನವು ಕುಳಿತಿತು. ಅಕ್ಕ ಬಗ್ಗಲಾರದ ಕಾರಣ ಟೇಪಿನ ಕೆಳತುದಿಯನ್ನು ಅವಳಿಗಳು ಹಿಡಿದರು. ಅಂಗಡಿಯಲ್ಲಿ ದರ್ಜಿಗಳು ಅಂಕಿ ಕೂಗುತ್ತಿದ್ದ ಗತ್ತಿನಲ್ಲೇ ಅಕ್ಕ ಕೂಗತೊಡಗಿದರು. ಮಗ ಅಂಗೈ ಮೇಲೆ ಬರೆದುಕೊಂಡ.

"ಹೊಟ್ಟೆ ಒಳಗೆ ಎಳ್ಕೋಬೇಡ."

"ಎಳ್ಕೊಂಡಿಲ್ಲ."

"ಎಳ್ಕೊಂಡಿದ್ದೀಯ. ಉಸಿರು ಬಿಡು. ಗಿರಾಕಿಗಳಿಗೆ ನೀನೇ ಹೇಳ್ತಿದ್ದೆ, ಸುಳ್ಳು ಅಳತೆಗೆ ನಿಜವಾದ ಅಂಗಿ ಹೊಲಿಯೋಕಾಗಲ್ಲ ಅಂತ."

ದರ್ಜಿಗಳು ಉಸಿರು ಬಿಟ್ಟರು. ಹೆಂಡತಿ ಹತ್ತಿರ ಬಂದು ಟೇಪಿನ ಮೇಲಿನ ಅಂಕಿಯನ್ನು ನೋಡಿ, ಅತ್ಯಂತ ಸಮಾಧಾನದ ದನಿಯಲ್ಲಿ, "ಸುತ್ತ ಒಂದಿಂಚು ಹೊಲಿಗೆಗೂ ಬಿಡಿ, ಅತ್ತಿಗೆ," ಎಂದರು.

ಬದನೆಕಾಯಿ ಬಣ್ಣದ ಗಾಡಿಯಲ್ಲಿ ಅಕ್ಕನ ಸೀಟು ಹಿಂದಕ್ಕೆ ಸರಿಯಿತು. ಅದರ ಹಿಂದಿನ ಸೀಟು ಇನ್ನಷ್ಟು ಹಿಂದಕ್ಕೆ ಜರುಗಿತು. ಅದರ ಹಿಂದೆ ಅವಳಿಗಳು ಕಾಲಾಡಿಸಲು ಜಾಗವಿದೆಯೆಂದು ಸಾಬೀತುಪಡಿಸಲು ಪರಸ್ಪರ ಒದ್ದುಕೊಂಡರು. ದರ್ಜಿಗಳ ಮಂಡಿಗಳು ಮಂಡಿಗಳಿರಬೇಕಾದ ಎತ್ತರದಲ್ಲಿಯೇ ಉಳಿದವು. ಅವರ ಮೂಗಿನ ನೇರಕ್ಕೆ, ಒಂದು ಮೊಳದ ದೂರದಲ್ಲಿ, ಭಾವಮೈದನ ಹೊಲಿಗೆ ಅಂಕುಡೊಂಕಾಗಿ ಹರಿದಿತ್ತು.

"ಹೇಗಿದೆ ಅಪ್ಪ?"

"ಸರಿಯಾಗಿದೆ," ಎಂದರು ದರ್ಜಿಗಳು, ಕಣ್ಣು ಮುಚ್ಚಿಕೊಂಡು.

ಮಗನ ಪರಿಚಯದ ಮೆಕ್ಯಾನಿಕ್ ಬಂದು ಗಾಡಿಯನ್ನು ಮೇಲೆ ಕೆಳಗೆ ನೋಡಿ ಒಪ್ಪಿಗೆ ಕೊಟ್ಟ. ಗಾಡಿ ಮನೆಗೆ ಬಂದದ್ದು ಹೊರಡುವ ಹಿಂದಿನ ಸಂಜೆ. ಹೊಲಿಗೆ ಬಿಚ್ಚಿ ಹೊಸದಾಗಿ ಹಾಕುತ್ತೇನೆಂದು ದರ್ಜಿಗಳು ಕತ್ತರಿ ಹಿಡಿದು ಅಂಗಳಕ್ಕಿಳಿದಾಗ ಅಕ್ಕ ಅಡ್ಡ ನಿಂತರು. "ಬಂದ ಮೇಲೆ ಬಿಚ್ಚು. ಇವತ್ತು ಬಿಚ್ಚಿದ್ರೆ ನಾಳೆ ಗಾಡಿ ಹೊರಡೋದಿಲ್ಲ. ನೀನು ಹೇಳಿದ ದಿನ ನಾಳೆ." ದರ್ಜಿಗಳು ಕತ್ತರಿಯನ್ನು ಒಳಗಿಟ್ಟು ಬಂದರು.

ಬೆಳಿಗ್ಗೆ ಎಲ್ಲರೂ ಹತ್ತಿ ಕುಳಿತ ಮೇಲೂ ಅಕ್ಕ ಒಳಗೇ ಇದ್ದರು. ನಡುಮನೆಯ ಕಿಟಕಿಯ ಹತ್ತಿರ ಏನೋ ಸರಿಸುವ, ಒತ್ತಿ ಅಂಟಿಸುವ ಸದ್ದು ಕೇಳಿಸಿತು. ಆಮೇಲೆ ಪರದೆಯನ್ನು ಅರ್ಧ ಎಳೆದು, ಬೀಗ ಹಾಕಿಕೊಂಡು, ಒಂದೊಂದೇ ಮೆಟ್ಟಿಲಿಳಿದು ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಕಾಲು ಚಾಚಿದರು. ಗಾಡಿ ಹೊರಟಿತು.

ಊರು ದಾಟಿದ ಮೇಲೆ ಸೊಸೆಯ ಫೋನು ಸದ್ದು ಮಾಡಿತು. ಎದುರುಮನೆಯ ನಿವೃತ್ತ ಕಂಡಕ್ಟರ್. ಅವರ ದನಿಗೆ ಸ್ಪೀಕರ್ ಬೇಕಿರಲಿಲ್ಲ. ಗಾಡಿಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

"ಏನಮ್ಮ, ಇಷ್ಟು ದೊಡ್ಡ ಗಾಡಿ ತಂದ್ರೂ ದೊಡ್ಡಮ್ಮನ್ನ ಬಿಟ್ಟೇ ಹೋಗಿದ್ದೀರಲ್ಲ? ಪಾಪ, ಕಿಟಕಿ ಹತ್ರ ಕಾಲು ಚಾಚ್ಕೊಂಡು ಒಬ್ಬರೇ ಕೂತಿದ್ದಾರೆ. ಎರಡು ಸಲ ಕೂಗಿದೆ, ತಿರುಗಿ ಕೂಡ ನೋಡ್ಲಿಲ್ಲ. ತುಂಬ ಕೋಪ ಬಂದಿರೋ ಹಾಗಿದೆ."

ಸೊಸೆ ಬಾಯಿಗೆ ಕೈ ಅಡ್ಡ ಹಿಡಿದು ಫೋನನ್ನು ಮುಂದಕ್ಕೆ ಕೊಟ್ಟಳು. ಅಕ್ಕ ಅದನ್ನು ಕಿವಿಗಿಟ್ಟುಕೊಂಡರು. ಎದುರಿನ ಗಾಜಿನಾಚೆ ರಸ್ತೆ ಇಳಿಜಾರಾಗಿ, ಉಪ್ಪಿನ ವಾಸನೆಯಿನ್ನೂ ಬಾರದ ಗಾಳಿಯ ಕಡೆಗೆ ಓಡುತ್ತಿತ್ತು.

"ಕೋಪ ಏನಿಲ್ಲಪ್ಪ," ಎಂದರು. "ಅವಳಿಗೆ ಮಂಡಿನೋವು, ಎದ್ದು ಬರೋಕಾಗಲ್ಲ. ಮನೆಗೆ ಯಾರಾದ್ರೂ ಇರ್ಬೇಕಲ್ಲ, ಅದಕ್ಕೆ ಬಿಟ್ಟು ಬಂದಿದ್ದೀವಿ."