ಪರಿಸ್ಥಿತಿ ಶಾಂತವಾಗಿದೆ

ಗೋಣಿಯ ವಾಸನೆ ಮೂಗಿಗೆ ಬಡಿದರೆ ಸಾಕು, ಕನಕರಾಜುವಿಗೆ ಕಟ್ಟೆಮಳಲವಾಡಿಯ ಬ್ಯಾರನ್, ಹೊಗೆಸೊಪ್ಪು ಹದ ಮಾಡುವ ಆ ಕಿಟಕಿಯಿಲ್ಲದ ಮನೆ, ನೆನಪಾಗುತ್ತಿತ್ತು. ಏಳು ವರ್ಷದವನಿದ್ದಾಗ ಅಲ್ಲಿ ಗೋಣಿ ಸುತ್ತಿದ ಸೊಪ್ಪಿನ ಹೊರೆಗಳ ಸಂದಿಯಲ್ಲಿ ನಿದ್ದೆ ಹೋಗಿದ್ದ. ಅಪ್ಪ ನೋಡದೆ ಬೀಗ ಜಡಿದು ಹುಣಸೂರಿಗೆ ಹೊರಟುಬಿಟ್ಟಿದ್ದರು. ಒಣಗಿದ ಎಲೆಯ ಸಿಹಿ ಘಾಟು, ಗೋಣಿಯ ಮುಗ್ಗಲು, ಎಷ್ಟು ಕೂಗಿದರೂ ಆಚೆಗೆ ಕೇಳಿಸದ ತನ್ನದೇ ದನಿ. ಈಗ ಮೂವತ್ತೆರಡನೆಯ ವಯಸ್ಸಿನಲ್ಲಿ, ಮಿರ್ಲೆಯ ಆಚೆಗಿನ ಒಂದು ಹಳ್ಳಿಯ ಪಂಚಾಯಿತಿ ಕೋಣೆಯಲ್ಲಿ, ಭತ್ತದ ಖಾಲಿ ಗೋಣಿಗಳ ಮೇಲೆ ಕೂತು ಅವನು ಅದೇ ವಾಸನೆಯನ್ನು ಉಸಿರಾಡುತ್ತಿದ್ದ. ಬಾಗಿಲಿಗೆ ಹೊರಗಿನಿಂದ ಚಿಲಕ.

ಅದು ನೀರಿನ ಗಲಾಟೆಯ ವರ್ಷ. ಕನಕರಾಜು ಹುಣಸೂರಿನಲ್ಲಿ ಮದುವೆ ವೀಡಿಯೊ ತೆಗೆಯುವವನು. ಗಲಾಟೆಯಾದ ದಿನ ಸರ್ಕಾರಿ ಟೀವಿಯ ವಾರ್ತೆಗೂ ಚಿತ್ರ ತೆಗೆದು ಕಳಿಸುತ್ತಿದ್ದ. ಅಂದು ಬೆಳಿಗ್ಗೆ ಈ ಊರಿನವರು ನಾಲೆಯ ತೂಬಿನ ಮೇಲೆ ಧರಣಿ ಕೂತಿದ್ದರು. ಪೊಲೀಸರು ಲಾಠಿ ಬೀಸಿದರು. ಚಲುವರಾಜು ಎಂಬ ರೈತನ ಕೈ ಮುರಿಯಿತು. ಎಲ್ಲವೂ ಕ್ಯಾಮೆರಾದಲ್ಲಿತ್ತು. ಆದರೆ ಕನಕರಾಜು ಹೊರಡುವಷ್ಟರಲ್ಲಿ ಊರ ಬಾಗಿಲಿಗೆ ಹುಣಸೆ ದಿಮ್ಮಿ ಅಡ್ಡ ಬಿದ್ದಿತ್ತು.

"ಓದ್ ವಾರನೂ ತೆಗ್ದ್ರಿ," ಎಂದರು ಊರ ಯಜಮಾನ ನಂಜುಂಡಸ್ವಾಮಿ, ಸ್ಕೂಟರಿನ ಕೀಲಿ ಕಿತ್ತುಕೊಳ್ಳುತ್ತ. "ಆಮೇಲೆ ವಾರ್ತೆ ಓದೋ ಆಯಮ್ಮ ಏನಂದ್ಳು? ಕೆ.ಆರ್. ನಗರ ತಾಲ್ಲೂಕಿನಲ್ಲಿ ಪರಿಸ್ಥಿತಿ ಶಾಂತವಾಗಿದೆ ಅಂದ್ಳು. ಮೂರು ಜನ ಆಸ್ಪತ್ರೇಲಿ ಮಲಗಿದ್ರು. ಶಾಂತವಾಗೇ ಮಲಗಿದ್ರು ಬುಡಿ. ಇವತ್ತು ಏಳು ಗಂಟೆ ವಾರ್ತೇಲಿ ಇದು ಬರ್ಲಿ, ಆಮೇಲೆ ನೀವು ಓಗೀರಂತೆ."

"ಕ್ಯಾಸೆಟ್ಟು ನನ್ ತಾವೇ ಅದಲ್ಲ ಯಜಮಾನ್ರೆ. ಮೈಸೂರಿಗೋಗಿ, ಅಲ್ಲಿಂದ ಬಸ್ಸಲ್ಲಿ ಬೆಂಗ್ಳೂರಿಗೋಗ್ಬೇಕು. ನನ್ನ ಬುಡ್ದೆ ಎಂಗೆ ಬತ್ತದೆ?"

"ಆಸ್ಟ್ರೇಲಿಯಾದ ಕ್ರಿಕೆಟ್ಟು ಆಗಿಂದಾಗ್ಲೇ ಬತ್ತದೆ. ನಮ್ಮೂರು ಅದಕ್ಕಿಂತ ದೂರವಾ?"

ಎಲ್ಲರೂ ನಕ್ಕರು. ಕನಕರಾಜುವನ್ನು ಕ್ಯಾಮೆರಾ, ಚೀಲದ ಸಮೇತ ಪಂಚಾಯಿತಿ ಕೋಣೆಗೆ ಕರೆತಂದು ಚಿಲಕ ಹಾಕಿದರು.

ಹೇಳಲಾಗದ ಇನ್ನೊಂದು ಮಾತೂ ಅವನ ಹೊಟ್ಟೆಯಲ್ಲಿತ್ತು. ಕ್ಯಾಸೆಟ್ಟು ತಲುಪಿದರೂ ಟೀವಿಯವರು ಇದನ್ನು ತೋರಿಸುವುದಿಲ್ಲ. ಹೋದ ವಾರವೂ ಅವನು ಹೊಡೆತದ ಚಿತ್ರವನ್ನೇ ಕಳಿಸಿದ್ದ. ವಾರ್ತೆಯಲ್ಲಿ ಬಂದದ್ದು ನಾಲೆಯ ನೀರು, ದಡದಲ್ಲಿ ನಿಂತ ಒಂದು ಕೊಕ್ಕರೆ. ಇದನ್ನು ಹೇಳಿದರೆ ಈ ಜನ ಬಿಡುವುದಿಲ್ಲ; ಹೇಳದಿದ್ದರೆ ಏಳು ಗಂಟೆಗೆ ತಾವೇ ಕಾಣುತ್ತಾರೆ.

ಮಧ್ಯಾಹ್ನ ಕಿಟಕಿಯ ಸರಳುಗಳ ನಡುವಿನಿಂದ ಒಂದು ಲೋಟ ನೀರು ಒಳಗೆ ಬಂತು. ಹಿಡಿದ ಕೈ ಮುದುಕಿಯದು. ಕೈ ಮುರಿದ ಚಲುವರಾಜುವಿನ ತಾಯಿ, ದೊಡ್ಡತಾಯಮ್ಮ.

"ಬಿಸ್ಲು ಬೀಳ್ತಾ ಅದೆ, ಇತ್ತಾಗೆ ಸರ್ಕೊಂಡು ಕುಂತ್ಕೊಳಪ್ಪ," ಎಂದಳು. ಅವನು ಕುಡಿದು ಮುಗಿಸುವವರೆಗೂ ನಿಂತಿದ್ದು, ಲೋಟ ತೆಗೆದುಕೊಂಡು ಹೋದಳು.

ಆ ಕಡೆ ಸರಿದು ಕೂತಾಗಲೇ ಎದುರಿನ ಮರದ ಪೆಟ್ಟಿಗೆಯಲ್ಲಿದ್ದ ಪಂಚಾಯಿತಿಯ ಟೀವಿ ಅವನ ಕಣ್ಣಿಗೆ ಬಿದ್ದದ್ದು. ಮದುವೆ ಮನೆಗಳಲ್ಲಿ ಕ್ಯಾಮೆರಾದಿಂದ ನೇರವಾಗಿ ಟೀವಿಗೆ ಕೊಟ್ಟು ಧಾರೆ ತೋರಿಸುವ ತಂತಿ ಅವನ ಚೀಲದಲ್ಲೇ ಇತ್ತು. ಕನಕರಾಜು ತಂತಿಯನ್ನು ತೆಗೆದ, ಮತ್ತೆ ಚೀಲಕ್ಕೆ ಹಾಕಿದ. ಹೊತ್ತು ಇಳಿಯುವ ಹೊತ್ತಿಗೆ ಮತ್ತೆ ತೆಗೆದ.

ಏಳಕ್ಕೆ ಕೋಣೆ ತುಂಬಿತು. ಕೈಗೆ ಬಿದಿರಿನ ದಬ್ಬೆ ಕಟ್ಟಿದ್ದ ಚಲುವರಾಜುವನ್ನು ಮುಂದೆ ಕೂರಿಸಿದರು. "ಆಂಟೆನಾ ಸರಿ ಮಾಡ್ತೀನಿ," ಎಂದು ಕನಕರಾಜು ಟೀವಿಯ ಹಿಂದೆ ನಿಂತ. ವಾರ್ತೆ ಓದುವವಳು ದೆಹಲಿ ಮುಗಿಸಿದಳು, ಬೆಂಗಳೂರು ಮುಗಿಸಿದಳು. "ಮೈಸೂರು ಜಿಲ್ಲೆಯಲ್ಲಿ" ಎಂದು ಬಾಯಿ ತೆರೆದಳೋ ಇಲ್ಲವೋ, ಅವನು ಕ್ಯಾಮೆರಾದ ತಂತಿಯನ್ನು ಟೀವಿಗೆ ಸಿಕ್ಕಿಸಿದ.

ಪರದೆಯ ಮೇಲೆ ಚುಕ್ಕೆಗಳು ಕುಣಿದವು. ಆಮೇಲೆ ಅವರದೇ ತೂಬು, ಅವರದೇ ಜನ. ಲಾಠಿ ಮೇಲೆದ್ದಿತು. ಚಲುವರಾಜು ಬಿದ್ದ. ತಾನು ಬೀಳುವುದನ್ನು ತಾನೇ ನೋಡುತ್ತ ಚಲುವರಾಜು ಸದ್ದಿಲ್ಲದೆ ಅತ್ತ. ಕನಕರಾಜು ತಂತಿ ಕಿತ್ತಾಗ ವಾರ್ತೆಯವಳು ಹವಾಮಾನ ಓದುತ್ತಿದ್ದಳು.

"ಇಡೀ ರಾಜ್ಯ ನೋಡ್ತು ಕಣ್ಲಾ ಚಲುವ," ಎಂದರು ನಂಜುಂಡಸ್ವಾಮಿ. ಕೀಲಿಯನ್ನು ಎರಡೂ ಕೈಯಲ್ಲಿ ಹಿಡಿದು ಕನಕರಾಜುವಿಗೆ ಕೊಟ್ಟರು. "ತೆಪ್ಪು ತಿಳ್ಕೋಬ್ಯಾಡಿ. ನಿಮ್ ಮೇಲೆ ಅನುಮಾನ ಪಟ್ಟುಬುಟ್ಟೊ."

ಗಂಡಸರೆಲ್ಲ ಸೇರಿ ದಿಮ್ಮಿ ಎಳೆದರು, ಸ್ಕೂಟರನ್ನು ತಾವೇ ತಳ್ಳಿ ತಂದರು, ಒಬ್ಬೊಬ್ಬರೇ ಕೈ ಮುಗಿದರು. ನಿಜ ಹೇಳಿಬಿಡಬೇಕೆಂದು ಕನಕರಾಜು ಎರಡು ಸಲ ಬಾಯಿ ತೆರೆದ. ಬೀಗ ಹಾಕಿದ ಬ್ಯಾರನ್ನಿನೊಳಗೆ ಆದ ಹಾಗೆಯೇ ಆಯಿತು. ಅಂದು ದನಿಯಾದರೂ ಇತ್ತು.

ಊರಾಚೆಯ ನಾಲೆಯ ಸೇತುವೆಯ ಬಳಿ ದೊಡ್ಡತಾಯಮ್ಮ ಒಬ್ಬಳೇ ಕಾಯುತ್ತಿದ್ದಳು. ಅವನು ಸ್ಕೂಟರು ನಿಲ್ಲಿಸಿದ.

"ನಮ್ಮ ಚಿತ್ರ ಬರೋವಾಗ ವಾರ್ತೆ ಓದೋ ಆಯಮ್ಮ ಒಂದ್ ಮಾತೂ ಆಡ್ಲಿಲ್ವಲ್ಲಪ್ಪ," ಎಂದಳು. "ಸುಮ್ಕಿರೋ ಎಂಗಸಲ್ಲ ಅವ್ಳು."

ಕನಕರಾಜು ಎಂಜಿನ್ ಆರಿಸಿದ. "ಅವ್ವಾ..."

"ನನ್ ಮಗ ನೋಡ್ದ. ಇವತ್ತು ಅವ್ನಿಗೆ ನಿದ್ದೆ ಬತ್ತದೆ. ನಾನು ಯಾರಿಗೂ ಯೋಳಾಕಿಲ್ಲ. ನೀನು ಅದನ್ನ ಬೆಂಗ್ಳೂರಿಗೆ ಮುಟ್ಸು."

"ಮುಟ್ಟಿಸ್ತೀನಿ. ಆದ್ರೆ ಅವ್ರು ತೋರ್ಸಾಕಿಲ್ಲ ಅವ್ವ. ಓದ್ ವಾರನೂ ತೋರಿಸ್ಲಿಲ್ಲ."

ದೊಡ್ಡತಾಯಮ್ಮ ಸ್ಕೂಟರಿನ ಹತ್ತಿರಕ್ಕೆ ಬಂದಳು.

"ಬೆಳಿಗ್ಗೆಯಿಂದ ಉಂಡಿಲ್ಲ ನೀನು," ಎಂದಳು. ರೊಟ್ಟಿಯ ಬಿಸಿ ಇನ್ನೂ ಆರಿರದ ಬಾಳೆಲೆಯ ಪೊಟ್ಟಣವನ್ನು ಸೆರಗಿನೊಳಗಿನಿಂದ ತೆಗೆದು ಅವನ ಎರಡೂ ಕೈಗಳಲ್ಲಿಟ್ಟಳು.