ಕಾವಲಿಲ್ಲದ ಕೆರೆ

ಚಟ್ಟದ ಬಿದಿರಿಗೆ ಕೊನೆಯ ಗಂಟು ಬಿಗಿಯುತ್ತಿದ್ದ ಈಶ್ವರ ತಲೆಯೆತ್ತಿ ಚಾಳಿನ ಓಣಿಯನ್ನು ನೋಡಿದ. ಅಕ್ಕನ ಗಂಡ ಗುರಲಿಂಗಪ್ಪನಿಗೆ ವಿಭೂತಿ ಹಚ್ಚಿ ಕೂರಿಸಿ ಎರಡು ಗಂಟೆಯಾಗಿತ್ತು. ಹೆಗಲು ಕೊಡಲು ತಾನು, ದಾದರಿನಿಂದ ಬಂದ ಇಬ್ಬರು ನೆಂಟರು, ಅಷ್ಟೇ.

“ಮಂದಿ ಎಲ್ಲಿ ಹ್ವಾದ್ರು ಅಕ್ಕಾ?”

“ಕೆರೀಗೆ ಹೋಗ್ಯಾರ,” ಎಂದಳು ನೀಲಾಬಾಯಿ. “ಇವತ್ತ ಬ್ಯಾಡ ಅನ್ನಾವ್ರು ಯಾರದಾರ?”

ಆಷಾಢದ ಮಳೆ ಹಿಡಿದಿತ್ತು. ಮೊಟ್ಟೆ ತುಂಬಿದ ಮೀನು ದಂಡೆಗೆ ಬರುವ ದಿನಗಳು. ಈ ಎರಡು ತಿಂಗಳು ಗಾಳ ಹಾಕುವಂತಿಲ್ಲ. ಉಳಿದಂತೆ ಪಾಸ್ ಇದ್ದವರಿಗೆ ಒಂದೇ ಗಾಳ, ಬಲೆಯಂತೂ ಯಾವತ್ತೂ ಇಲ್ಲ. ವಿಕ್ರೋಳಿಯ ಆಚೆಗಿನ ಆ ಪುಟ್ಟ ಕೆರೆಯ ವಾಚ್‌ಮನ್ ಗುರಲಿಂಗಪ್ಪ ಇಪ್ಪತ್ತಾರು ವರ್ಷ ಚಾಳಿನ ಗಂಡಸರ ಬಲೆ ಕಿತ್ತುಕೊಂಡಿದ್ದ. ನಿನ್ನೆ ಸಂಜೆ ಅಲ್ಲೇ ಎದೆ ಹಿಡಿದುಕೊಂಡು ಕುಸಿದಿದ್ದ.

“ಗಾಡಿ ಓಣ್ಯಾಗ ಬರೂದಿಲ್ಲಂತ, ಕೆರೀ ದಂಡೀ ಆಚೆ ನಿಂತದ ಮಮ್ಮಿ. ಅಲ್ಲೀತನಾ ಕೈಸೇ ಒಯ್ಯೋದು?” ಮಗಳು ದಾನೇಶ್ವರಿ ಫೋನನ್ನು ಕಿವಿಯಿಂದ ತೆಗೆದು ಕೇಳಿದಳು.

*

ಹತ್ತು ವರ್ಷದ ಹಿಂದೆ, ಇಂಥದೇ ಮಳೆಯಲ್ಲಿ, ಪಕ್ಕದ ಖೋಲಿಯ ದೇವಾನಂದ ಮೀನಿನ ಸಮೇತ ಗುರಲಿಂಗಪ್ಪನ ಕೈಗೆ ಸಿಕ್ಕಿಬಿದ್ದಿದ್ದ.

“ಹೇಣ್ತಿ ಬಸುರಿ ಅದಾಳ ಅಣ್ಣಾ, ಮೀನ ಬೇಡ್ಯಾಳ. ಒಂದ ಒಂದು.”

“ಇದೂ ಬಸುರೀನ,” ಎಂದು ಗುರಲಿಂಗಪ್ಪ ಮೀನನ್ನು ನೀರಿಗೆ ಬಿಟ್ಟ.

ಮರುದಿನ, ಕೊರಳಲ್ಲಿ ಲಿಂಗ ಕಟ್ಟಿದ ಆತ ಹುಟ್ಟಿದ ಮೇಲೆ ಮೊದಲ ಸಲ ಮೀನು ಮಾರ್ಕೆಟ್ಟಿಗೆ ಹೋದ. ಪೇಪರಿನಲ್ಲಿ ಸುತ್ತಿದ ಪಾಪ್ಲೆಟ್ ಮೀನನ್ನು ಮೈಯಿಂದ ದೂರ ಹಿಡಿದು, ಮುಖ ತಿರುವಿಕೊಂಡು ತಂದು ದೇವಾನಂದನ ಹೊಸ್ತಿಲಲ್ಲಿಟ್ಟ. ಮನೆಗೆ ಬಂದು ಎರಡು ಸಲ ಸ್ನಾನ ಮಾಡಿದ. ಆದರೂ ದೇವಾನಂದ ಅವನನ್ನು ಮತ್ತೆ ಮಾತಾಡಿಸಲಿಲ್ಲ.

*

ನಾಲ್ಕನೇ ಹೆಗಲನ್ನು ದಾನೇಶ್ವರಿಯೇ ಕೊಟ್ಟಳು. ದಂಡೆಗೆ ಬರುತ್ತಲೇ ನೀಲಾಬಾಯಿ ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. ಮೊಣಕಾಲುದ್ದದ ನೀರಿನಲ್ಲಿ ಹತ್ತು ಜನ, ಕೈಯಲ್ಲಿ ದೊಡ್ಡ ಬಲೆ. ಒಂದು ಮೂಲೆ ಹಿಡಿದವನು ದೇವಾನಂದ. ನಕ್ಕರೆ? ಏನಾದರೂ ಅಂದರೆ?

“ಆ ಕಡೆ ನೋಡಬ್ಯಾಡ್ರಿ. ನಡೀರಿ,” ಎಂದಳು.

ಕೆಸರಿನಲ್ಲಿ ದಾನೇಶ್ವರಿಯ ಕಾಲು ಜಾರಿತು. ಗುರಲಿಂಗಪ್ಪ ಕೆರೆಯ ಕಡೆಗೆ ವಾಲಿದ. ನೀಲಾಬಾಯಿ ಚೀರಿದಳು.

ನೀರು ಚಿಮ್ಮಿಸುತ್ತ ದೇವಾನಂದ ಓಡಿಬಂದ. “ಬಿಡವ್ವಾ, ನಾ ಹಿಡೀತೀನಿ,” ಎಂದು ಬಿದಿರಿಗೆ ಒದ್ದೆ ಹೆಗಲು ಕೊಟ್ಟ.

ಉಳಿದವರು ಯಾರೂ ಮೇಲೆ ಬರಲಿಲ್ಲ. ಹೆಣ ದಾಟುವವರೆಗೆ ತಲೆ ತಗ್ಗಿಸಿ, ಅಲುಗದೆ ನಿಂತರು. ದೇವಾನಂದ ಬಿಟ್ಟುಬಂದ ಬಲೆಯ ಮೂಲೆ ನೀರಿನಲ್ಲಿ ಮುಳುಗಿತ್ತು. ಹೊಟ್ಟೆ ಉಬ್ಬಿದ ಮೀನುಗಳು ಒಂದರ ಹಿಂದೊಂದು ಅಲ್ಲಿಂದ ಹೊರಗೆ ಜಾರುತ್ತಿದ್ದವು.