ಚುಟ್ಟಾ ಪೆಟ್ಟಿಗೆಯ ತೇವ

ನೀಲಗಂಗಮ್ಮ ಕೋಗಳಿಯ ತೋಟದಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆ ಹುಳ ಸಾಕಲು ಶುರುಮಾಡಿದ ವರ್ಷವೇ ಅವಳ ಗಂಡ ಕೊಟ್ರಸ್ವಾಮಿಯ ಬೀಡಿ ನಿಂತಿತು. ತಂಬಾಕಿನ ಗಾಳಿ ಸೋಕಿದರೆ ಹುಳ ಹಸಿರು ಕಕ್ಕಿ, ಮೈ ಕುಗ್ಗಿ ಸಾಯುತ್ತದೆ. ರೇಷ್ಮೆ ಇಲಾಖೆಯ ತರಬೇತಿಯಲ್ಲಿ ಅದನ್ನು ಕೇಳಿಕೊಂಡು ಬಂದವಳೇ ಗಂಡನ ಅಂಗಿಯ ಜೇಬಿಗೆ ಕೈಹಾಕಿ, ಬೀಡಿ ಕಟ್ಟು ತೆಗೆದು ಒಲೆಗೆ ಹಾಕಿದಳು. ಕೊಟ್ರಸ್ವಾಮಿ ಒಂದೆರಡು ತಿಂಗಳು ಮುಖ ಗಂಟುಹಾಕಿಕೊಂಡು ತಿರುಗಿದ. ಆಮೇಲೆ ಬೀಡಿಯ ನೆನಪೇ ಹೋಯಿತು.

ಹಗರಿಬೊಮ್ಮನಹಳ್ಳಿಯಲ್ಲಿ ಅವನದು ಟ್ರ್ಯಾಕ್ಟರ್ ಸ್ಪೇರ್ಸ್ ಅಂಗಡಿ. ಬೆಳಗ್ಗೆ ಲೂನಾ ಹತ್ತಿ ಹೋದರೆ ಸಂಜೆಗೆ ವಾಪಸ್ಸು. ತೊಂಬತ್ತೆಂಟರ ಬೇಸಿಗೆ ಇನ್ನೇನು ಕಾಲಿಡಬೇಕು ಅನ್ನುವಾಗ ನೀಲಗಂಗಮ್ಮನ ತಮ್ಮ ಅರುಣಕುಮಾರ್ ರಜೆಗೆ ಬಂದ. ಅವನು ಸರಕು ಹಡಗಿನಲ್ಲಿ ಅಡಿಗೆ ಮಾಡುವವನು. ಅಕ್ಕನಿಗೆ ಸೀರೆ ತಂದಿದ್ದ, ಭಾವನಿಗೆ ಒಂದು ಪೆಟ್ಟಿಗೆ ಸಿಗಾರ್. ಅದನ್ನು ಹುಳದ ಮನೆ ಇರುವ ಕಡೆ ಒಯ್ಯುವಷ್ಟು ದಡ್ಡನಲ್ಲ. ನೇರ ಅಂಗಡಿಗೇ ತಂದುಕೊಟ್ಟ.

“ಭಾವಾ, ಇದು ಬೀಡಿ ಅಲ್ರಿ. ಹೊಗಿ ಒಳಗ ಎಳಕೋಬಾರದು. ಬಾಯಾಗ ಇಟ್ಟು, ರುಚಿ ನೋಡಿ, ಬಿಟ್ಟುಬಿಡಬೇಕು.”

“ಚುಟ್ಟಾದಂಗ ಐತಲ್ಲೋ ಇದು.”

“ಚುಟ್ಟಾನ ಅನ್ರಿ. ಆದ್ರ ಸಾವಕಾಶ ಸೇದ್ರಿ. ಅವಸರ ಮಾಡಿದ್ರ ತಲಿ ತಿರುಗತೈತಿ.”

ಭಾನುವಾರ ಅಂಗಡಿಗೆ ರಜೆ. ಕೊಟ್ರಸ್ವಾಮಿ ಕೆರೆ ಏರಿಯ ಮೇಲೆ ಹೋಗಿ ಕೂತು ಒಂದನ್ನು ಹಚ್ಚಿದ. ಹಳೆ ಚಟಕ್ಕೆ ಒಂದು ಸಲ ಒಳಗೆಳೆದು ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದ. ಆಮೇಲೆ ಹದ ಸಿಕ್ಕಿತು. ಹುರಿದ ಶೇಂಗಾ, ಆಲೆಮನೆಯ ಕೊಪ್ಪರಿಗೆಯ ತಳ, ಇನ್ನೇನೋ ಹೆಸರು ಗೊತ್ತಿಲ್ಲದ ರುಚಿ ಬಾಯಲ್ಲಿ ಸುಳಿದವು. ಬೀಡಿ ಯಾವತ್ತೂ ಅವನನ್ನು ಒಂದು ಕಡೆ ಇಷ್ಟು ಹೊತ್ತು ಕೂಡಿಸಿರಲಿಲ್ಲ.

ಹೆಂಡತಿಯಿಂದ ಅವನು ಇದನ್ನು ಮುಚ್ಚಿಡಲಿಲ್ಲ. ಅವಳು ಕೇಳಿಸಿಕೊಂಡು ಅಲ್ಲೇ ಕಟ್ಟಳೆ ಹಾಕಿದಳು.

“ವಾರಕ್ಕ ಒಂದ ಸಲ. ಅದೂ ಏರಿ ಮ್ಯಾಲ. ಬಂದಿಂದ ಪಂಪಿನ ಮನಿ ಹತ್ರ ತಲಿಮ್ಯಾಲ ನೀರು ಹಾಕ್ಕೊಂಡು, ಅರಬಿ ಅಲ್ಲೇ ಬಿಟ್ಟು ಒಳಗ ಬರ್ರಿ. ಹುಳದ ಮನಿಗೆ ಆವತ್ತು ಕಾಲಿಡಬ್ಯಾಡ್ರಿ.”

“ಆತು,” ಅಂದ ಕೊಟ್ರಸ್ವಾಮಿ. ಇಷ್ಟು ಸುಲಭಕ್ಕೆ ಒಪ್ಪುತ್ತಾಳೆ ಅಂತ ಅವನಿಗೆ ಅನಿಸಿರಲಿಲ್ಲ.

ಬಿಸಿಲು ಏರಿತು. ಅಂಗಡಿಯ ತಗಡಿನ ಮಾಡು ಕಾದ ಹೆಂಚಾಯಿತು. ಒಂದು ಭಾನುವಾರ ಸಿಗಾರ್ ಕೈಗೆ ತೆಗೆದುಕೊಂಡರೆ ಹಪ್ಪಳದಂತೆ ಚರಚರ ಅಂದಿತು. ಮೇಲಿನ ಎಲೆ ಬಿರಿದು ಉದುರಿತು. ಹೊಗೆ ನಾಲಿಗೆ ಸುಟ್ಟಿತು. ರಜೆ ಮುಗಿಸಿ ಹೊರಟಿದ್ದ ಅರುಣಕುಮಾರ್ ಇನ್ನೂ ಮಂಗಳೂರಿನಲ್ಲಿ ಹಡಗು ಕಾಯುತ್ತಿದ್ದ. ಕೊಟ್ರಸ್ವಾಮಿ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ.

“ಅಯ್ಯೋ ಭಾವಾ, ಹೇಳೋದ ಮರ್ತಿದ್ದೆ! ಅದಕ್ಕ ತೇವ ಬೇಕ್ರಿ. ನೂರಕ್ಕ ಎಪ್ಪತ್ತರ ಹತ್ರ ಇರಬೇಕು. ಕಡಿಮಿ ಆದ್ರ ಒಣಗತೈತಿ, ಜಾಸ್ತಿ ಆದ್ರ ಬೂಸ್ಟು ಹಿಡೀತೈತಿ. ಒಂದು ಕಟ್ಟಿಗಿ ಪೆಟ್ಟಿಗಿ ಮಾಡಸ್ರಿ.”

ಪೆಟ್ಟಿಗೆ ಯಾಕೆ ಅಂತ ಕೊಟ್ರಸ್ವಾಮಿ ಸ್ಟೀಲ್ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಕಿ ಮುಚ್ಚಿಟ್ಟ. ವಾರ ಬಿಟ್ಟು ತೆಗೆದರೆ ಮೂರ್ನಾಲ್ಕು ಸಿಗಾರ್‌ಗಳಿಗೆ ಹತ್ತಿಯಂಥ ಬಿಳಿ ಬೂಸ್ಟು. ಅವನ್ನು ಎಸೆದು, ಉಳಿದವನ್ನು ಒರೆಸಿ ಗಾಳಿಗಿಟ್ಟು, ಬಡಿಗೇರ ಮೈಲಪ್ಪನ ಹತ್ತಿರ ಹೋದ. ಸಾಗವಾನಿ ಬೇಡ, ಅದರ ಎಣ್ಣೆ ವಾಸನೆ ಹತ್ತುತ್ತದೆ ಅಂತ ಅರುಣಕುಮಾರ್ ಎಚ್ಚರಿಸಿದ್ದ. ಯಾವುದೋ ಹಳೆ ಕಪಾಟಿನ ಗಂಧಗರಿ ಮರದ ಹಲಗೆ ಮೈಲಪ್ಪನ ಬಳಿ ಬಿದ್ದಿತ್ತು. ಕೆಂಪಗೆ, ಹಗುರಾಗಿ, ಮೂಗಿಗೆ ಹಿತವಾಗಿತ್ತು. ಮುಚ್ಚಳ ಬಿಗಿಯಾಗಿ ಕೂರುವ ಪೆಟ್ಟಿಗೆ ತಯಾರಾಯಿತು.

ಹೊಸ ಕಟ್ಟಿಗೆ ಮೊದಲು ತಾನು ನೀರು ಕುಡಿದು ತಣಿಯಬೇಕು, ಇಲ್ಲದಿದ್ದರೆ ಸಿಗಾರಿನ ತೇವವನ್ನೇ ಹೀರಿಬಿಡುತ್ತದೆ. ಊರಿನ ಬೋರಿನ ನೀರು ಉಪ್ಪುಪ್ಪು, ಅದು ಬೇಡ. ಅಂಗಡಿಯಲ್ಲೇ ಬ್ಯಾಟರಿಗೆ ಹಾಕುವ, ಬಟ್ಟಿ ಇಳಿಸಿದ ನೀರು ಕ್ಯಾನುಗಟ್ಟಲೆ ಇತ್ತು. ಅದಕ್ಕಿಂತ ಶುದ್ಧ ನೀರು ಎಲ್ಲಿ ಸಿಗಬೇಕು? ದಿನವೂ ಅದರಲ್ಲಿ ಬಟ್ಟೆ ಅದ್ದಿ ಪೆಟ್ಟಿಗೆಯ ಒಳಮೈ ಒರೆಸಿದ. ಸೋಪಿನ ಡಬ್ಬಿಗೆ ತೂತು ಕೊರೆದು, ಒದ್ದೆ ಸ್ಪಂಜು ತುಂಬಿ, ಮೂಲೆಯಲ್ಲಿಟ್ಟ. ಗಿರಾಕಿಗಳು ಫ್ಯಾನ್ ಬೆಲ್ಟ್ ಕೇಳಿದರೆ, “ಒಂದ ನಿಮಿಷ ತಡೀರಿ,” ಅಂದು ಪೆಟ್ಟಿಗೆ ಮುಚ್ಚಿಯೇ ಏಳುತ್ತಿದ್ದ.

ಎಲ್ಲಾ ಆಯಿತು, ತೇವ ಎಷ್ಟಿದೆ ಅಂತ ತಿಳಿಯುವುದು ಹೇಗೆ? ಹುಳದ ಮನೆಯಲ್ಲಿ ಗಡಿಯಾರದಂಥ ಒಂದು ಸಣ್ಣ ಮಾಪಕವಿತ್ತು. ಎಳೆ ಹುಳದ ತಟ್ಟೆಗಳ ಹತ್ತಿರ ತೇವ ನೋಡಲು ನೀಲಗಂಗಮ್ಮ ಅದನ್ನು ನೇತುಹಾಕುತ್ತಿದ್ದಳು. ಆಗ ಒಂದು ಬೆಳೆ ಮುಗಿದು ಮನೆ ಖಾಲಿ ಇತ್ತು. ಹೊಸ ಹುಳ ಬರುವುದರೊಳಗೆ ತಂದಿಟ್ಟರಾಯಿತು ಅಂದುಕೊಂಡು, ಹೇಳದೆ ಕೇಳದೆ ಕೊಟ್ರಸ್ವಾಮಿ ಅದನ್ನು ಜೇಬಿಗೆ ಹಾಕಿಕೊಂಡು ಹೋದ. ಮುಚ್ಚಳವೊಂದರಲ್ಲಿ ಉಪ್ಪು ಹಾಕಿ, ನಾಲ್ಕು ಹನಿ ನೀರು ಬಿಟ್ಟು, ಮಾಪಕದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಂದು ದಿನಕ್ಕೆ ಮುಳ್ಳು ಎಪ್ಪತ್ತೈದಕ್ಕೆ ನಿಲ್ಲಬೇಕು. ನಿಂತರೆ ಮಾಪಕ ಸುಳ್ಳು ಹೇಳುವುದಿಲ್ಲ ಅಂತ ಅರುಣಕುಮಾರ್ ಹೇಳಿಕೊಟ್ಟಿದ್ದ. ಮುಳ್ಳು ಸರಿಯಾಗಿ ನಿಂತಿತು. ಕೊಟ್ರಸ್ವಾಮಿಗೆ ಪರೀಕ್ಷೆ ಪಾಸಾದಷ್ಟು ಖುಷಿ.

ಆದರೆ ಹುಳ ಅವನೆಣಿಸಿದ್ದಕ್ಕಿಂತ ಮೊದಲೇ ಬಂದವು. ಸಂಜೆ ಮನೆಗೆ ಬಂದರೆ ನೀಲಗಂಗಮ್ಮ ಹುಳದ ಮನೆಯ ಗೋಡೆಗಳ ಮೇಲೆಲ್ಲ ಹುಡುಕುತ್ತಿದ್ದಳು.

“ಇಲ್ಲಿ ಇದ್ದ ಮೀಟರ್ ಎಲ್ಲೈತ್ರಿ?”

ಅವನು ಲೂನಾ ತಿರುಗಿಸಿ, ಅಂಗಡಿಗೆ ಹೋಗಿ, ತಂದು ಅವಳ ಕೈಗಿಟ್ಟ. ಅವಳು ಮೂಗಿಗೆ ಹಿಡಿದಳು. ತಂಬಾಕಿನ ವಾಸನೆಗೆ ತಟ್ಟನೆ ಕೈ ದೂರ ಚಾಚಿದಳು.

“ಇದನ್ನ ಹುಳದ ಮ್ಯಾಲ ತೂಗಹಾಕಂತೀರೇನು?”

“ತೊಳದು ಕೊಡ್ತೀನಿ.”

“ತೊಳದ್ರ ಹೋಗತೈತೇನ್ರಿ ಇದು? ನೀವ ಇಟಗೋರಿ. ಕೇಳಿದ್ರ ನಾ ಒಲ್ಲೆ ಅಂತಿದ್ನಾ? ಕೇಳಬೇಕಿತ್ತಲ್ಲ.”

ಕಡೆಯ ಮಾತೇ ಅವನಿಗೆ ಚುಚ್ಚಿತು. ಮಾಪಕ ಅಂಗಡಿಗೆ ವಾಪಸ್ಸು ಹೋಯಿತು, ಆದರೆ ಪೆಟ್ಟಿಗೆ ತೆರೆಯಲು ಮನಸ್ಸು ಬರಲಿಲ್ಲ. ಆ ಭಾನುವಾರ ಏರಿಯ ಕಡೆಗೂ ಹೋಗಲಿಲ್ಲ.

ಹುಳ ನಾಲ್ಕನೇ ಜ್ವರ ಎದ್ದವು. ಜ್ವರ ಅಂದರೆ ಹುಳ ಮೇವು ಬಿಟ್ಟು ಮಲಗಿ, ಚರ್ಮ ಕಳಚುವ ಹೊತ್ತು. ನಾಲ್ಕನೆಯದು ಮುಗಿದ ಮೇಲೆ ಅವುಗಳ ಹಸಿವಿಗೆ ಕೊನೆಯೇ ಇಲ್ಲ. ಸೊಪ್ಪು ತಿನ್ನುವ ಸದ್ದು ಮಳೆಯಂತೆ ಕೇಳುತ್ತದೆ. ಸರಿಯಾಗಿ ಆಗಲೇ, ಸೊಪ್ಪು ಕೊಯ್ಯಲು ಬರುತ್ತಿದ್ದ ಪಕ್ಕೀರಮ್ಮ ಮಗಳ ಹೆರಿಗೆಗೆ ನೀಲಗುಂದಕ್ಕೆ ಹೋದಳು. ನೀಲಗಂಗಮ್ಮ ಒಬ್ಬಳೇ ಕೊಯ್ದು, ಹೊತ್ತು, ಹಾಕಿ ಸುಸ್ತಾದಳು. ಮರುದಿನ ಬೆಳಗ್ಗೆ ಕೊಟ್ರಸ್ವಾಮಿ ಅಂಗಡಿಗೆ ಹೋಗಲಿಲ್ಲ. ಪಂಪಿನ ಮನೆಯಲ್ಲಿ ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಕುಡುಗೋಲು ಹಿಡಿದು ತೋಟಕ್ಕಿಳಿದ.

ಅವಳು ದೂರದಿಂದ ನೋಡಿದಳು. “ಕೈ ತೊಳಕೊಂಡೀರಿಲ್ಲೋ?”

“ಔಷಧಿ ನೀರಾಗ ಮೊಣಕೈತನಕ ತೊಳದೀನಿ.”

“ಹಂಗಾರ ಆ ಸಾಲು ಹಿಡೀರಿ. ಬಿಸಲೇರೋದ್ರಾಗ ಕೊಯ್ಯಬೇಕು, ಇಲ್ಲಂದ್ರ ಸೊಪ್ಪು ಬಾಡತೈತಿ.”

ಹುಳ ಮೇವು ಬಿಟ್ಟು, ಹಣ್ಣಾಗಿ ಗೂಡು ಕಟ್ಟುವವರೆಗೂ ಅಂಗಡಿಯ ಬಾಗಿಲು ತೆರೆಯಲಿಲ್ಲ. ಹಣ್ಣಾದ ಹುಳವನ್ನು ಅವನೂ ಒಂದೊಂದಾಗಿ ಆರಿಸಿ, ಗೂಡು ಕಟ್ಟಲು ಇಡುವ ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟ. ತಣ್ಣನೆಯ, ಹಳದಿ ಬೆಳಕು ತುಂಬಿದಂಥ ಮೈ. ಇಷ್ಟು ವರ್ಷ ಅವನು ಅದನ್ನು ಮುಟ್ಟಿಯೇ ಇರಲಿಲ್ಲ. ಗೂಡು ಗಟ್ಟಿಯಾಗಿ, ಒಂದೇ ಗಾತ್ರಕ್ಕೆ ಬಂದವು. ಮಾರುಕಟ್ಟೆಯಲ್ಲಿ ಕೊಂಡವರು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗಿದರು.

ಮಾರುಕಟ್ಟೆಯಿಂದ ಬರುವಾಗ ನೀಲಗಂಗಮ್ಮ, “ನಿಮ್ಮ ಪೆಟ್ಟಿಗಿ ತೋರಸ್ರಿ ನೋಡೋಣು,” ಅಂದಳು. ಮನೆಯಲ್ಲಿ ಹುಳ ಇರಲಿಲ್ಲ, ಭಯವೂ ಇರಲಿಲ್ಲ. ಕೊಟ್ರಸ್ವಾಮಿ ಅಂಗಡಿಯ ಬೀಗ ತೆಗೆದು, ಒಳಗೆ ಹೋಗಿ ಪೆಟ್ಟಿಗೆಯ ಮುಚ್ಚಳ ತೆಗೆದ. ಇಷ್ಟು ದಿನ ಯಾರೂ ಮುಟ್ಟದಿದ್ದರೂ ಸಿಗಾರ್‌ಗಳು ಎಣ್ಣೆ ಹಚ್ಚಿದಂತೆ ನುಣ್ಣಗೆ ಮಲಗಿದ್ದವು. ಅವಳು ಮುಳ್ಳು ನೋಡಿದಳು.

“ಎಂಬತ್ತರ ಹತ್ರ ಐತಲ್ರಿ. ನಿಮಗ ಎಷ್ಟಿರಬೇಕು?”

“ಎಪ್ಪತ್ತು.”

ಅವಳು ಸ್ಪಂಜು ತೆಗೆದು ಹಿಂಡಿದಳು. ಬೆರಳ ಸಂದಿಯಿಂದ ನೀರು ಇಳಿಯಿತು. “ನೀರು ಸೋರಬಾರದು, ಕೈಗೆ ತಣ್ಣಗ ಹತ್ತಬೇಕಷ್ಟ. ನಾನೂ ಮೊದಲ ಬೆಳಿಯಾಗ ಹಿಂಗ ಮಾಡಿ ಒಂದು ತಟ್ಟಿ ಹುಳ ಕಳಕೊಂಡಿದ್ದೆ. ಸ್ವಲ್ಪ ಹೊತ್ತು ಮುಚ್ಚಳ ತಗದಿಡ್ರಿ.” ಆಮೇಲೆ ಬಗ್ಗಿ ಒಂದು ಸಲ ಮೂಸಿದಳು. “ವಾಸನಿ ಕೆಟ್ಟದ್ದೇನಲ್ಲ ಬಿಡ್ರಿ.”

“ಮೀಟರ್ ಹೊಸದು ತರಸ್ತೀನಿ ನಿನಗ. ಈ ಸಲ ನಿನ್ನ ಕೇಳಿನ ತರಸ್ತೀನಿ, ಎಂಥಾದ್ದು ಬೇಕಂತ.”

ಅವಳು ನಕ್ಕಳು.

ಆ ಭಾನುವಾರ ಏರಿಯ ಮೇಲೆ ಇಬ್ಬರೂ ಹೋದರು. ಕೊಟ್ರಸ್ವಾಮಿ ಸಾವಕಾಶ ಹಚ್ಚಿದ. ಬೂದಿ ಬೆರಳುದ್ದ ಬೆಳೆದರೂ ಉದುರಲಿಲ್ಲ. ನೀಲಗಂಗಮ್ಮ ಗಾಳಿ ಬರುವ ಕಡೆ ಕೂತು, ಮುಂದಿನ ಬೆಳೆಗೆ ತಟ್ಟೆ ಇಡುವ ಇನ್ನೊಂದು ಅಟ್ಟಣಿಗೆ ಮಾಡಿಸುವ ಮಾತು ಹೇಳುತ್ತಿದ್ದಳು. ಅವನು ಹೂಂಗುಟ್ಟುತ್ತಿದ್ದ. ನೀರಿನ ಮೇಲೆ ಬಿಸಿಲು ಇಳಿಯುವ ಹೊತ್ತಿಗೆ ಗಾಳಿ ತಿರುಗಿ ಹೊಗೆ ಅವಳ ಮುಖಕ್ಕೆ ಬಂತು. ಅವಳು ಸೆರಗು ಮೂಗಿಗೆ ಹಿಡಿದು ಎದ್ದಳು, ಅವನ ಇನ್ನೊಂದು ಬದಿಗೆ ಬಂದು ಕೂತಳು, ಬಿಟ್ಟಲ್ಲಿಂದ ಮಾತು ಮುಂದುವರಿಸಿದಳು.